ವೀಸಾಗೆ 1 ಲಕ್ಷ ಡಾಲರ್ ಶುಲ್ಕ: ಅಮೆರಿಕದ ಅಧ್ಯಕ್ಷರಿಗೆ ಇಷ್ಟು ಅಧಿಕಾರ ಎಲ್ಲಿಂದ ಬಂತು?

2025ರ ಸೆಪ್ಟೆಂಬರ್ 19ರಂದು ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿ, ಹೊಸ ಎಚ್-1ಬಿ (ವಿದೇಶಿ ಪರಿಣತರಿಗೆ ಕೊಡುವ ಕೆಲಸದ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅಂದರು. ಇದಕ್ಕೆ ಅಲ್ಲಿನ ಸಂಸತ್ತಿನ ಒಪ್ಪಿಗೆ ಬೇಡವೇ, ಇಷ್ಟು ಅಧಿಕಾರ ಸಂವಿಧಾನದಲ್ಲೇ ಇದೆಯಾ ಅಂತ ಕೇಳಿದ್ದೀರಿ.

ಸಂವಿಧಾನದಲ್ಲಿ ಇಲ್ಲ. ಅವರ ಸಂಸತ್ತು, ಅಂದರೆ ಕಾಂಗ್ರೆಸ್, ಒಂದೊಂದೇ ಕಾಯ್ದೆ ಮಾಡಿ ಕೊಡುತ್ತಾ ಬಂದಿದೆ.

ಆ ದಿನ ನನ್ನ ಅಕ್ಕನ ಮಗ ರಜೆಗೆ ಊರಿಗೆ ಬಂದಿದ್ದ. 21ನೇ ತಾರೀಖಿನೊಳಗೆ ವಾಪಸ್ ಬಾ ಅಂತ ಆಫೀಸಿನಿಂದ ಮೇಲ್ ಬಂತು. ಮನೆಯವರೆಲ್ಲ ಕೂತು ಟಿಕೆಟ್ ಹುಡುಕಿದೆವು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ಶ್ವೇತಭವನ ಹೇಳಿದ ಮೇಲೆಯೇ ಅಕ್ಕ ಊಟ ಮಾಡಿದ್ದು. ಆಮೇಲೆ ನಾನು ಇದರ ಬಗ್ಗೆ ಓದತೊಡಗಿದೆ.

ಘೋಷಣೆಗೆ ಆಧಾರ 1952ರ ವಲಸೆ ಕಾಯ್ದೆ. ಯಾವುದೋ ಒಂದು ವರ್ಗದ ವಿದೇಶಿಯರು ಬಂದರೆ ದೇಶಕ್ಕೆ ಹಾನಿ ಅನ್ನಿಸಿದರೆ ಅಧ್ಯಕ್ಷರು ಅವರನ್ನು ತಡೆಯಬಹುದು ಅನ್ನುತ್ತದೆ ಅದು. ಆದರೆ ತಡೆಯುವುದು ಬೇರೆ, ದುಡ್ಡು ವಸೂಲಿ ಮಾಡುವುದು ಬೇರೆ ಅಲ್ವಾ? ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ಕಾಂಗ್ರೆಸ್‌ಗೆ ಕೊಟ್ಟಿದೆ. ಇಲ್ಲಿ ಅಧ್ಯಕ್ಷರು ಗೆರೆ ದಾಟಿದ್ದಾರೆ ಅನ್ನುವುದೇ ನನ್ನ ಅಭಿಪ್ರಾಯ.

ಹಾಗಾದರೆ ಕೊಟ್ಟ ಅಧಿಕಾರವನ್ನು ಕಾಂಗ್ರೆಸ್ ವಾಪಸ್ ಪಡೆಯಬಾರದೇ? ಕಷ್ಟ. ಆ ಕಷ್ಟದ ಹಿಂದೆ ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯ ಕೇಸಿದೆ. ಜಗದೀಶ್ ರಾಯ್ ಛಡ್ಡಾ ಕೀನ್ಯಾದಲ್ಲಿ ಹುಟ್ಟಿದವರು, ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಓದಲು ಅಮೆರಿಕಕ್ಕೆ ಬಂದರು. 1972ರಲ್ಲಿ ವೀಸಾ ಮುಗಿಯಿತು. ಇವರನ್ನು ಗಡೀಪಾರು ಮಾಡುವುದು ಬೇಡ ಅಂತ ವಲಸೆ ನ್ಯಾಯಾಧೀಶರು ತೀರ್ಮಾನಿಸಿದರು. 1975ರಲ್ಲಿ ಕೆಳಮನೆ ಒಂದೇ ಅದನ್ನು ರದ್ದು ಮಾಡಿತು. ಆಗ ಕಾಯ್ದೆಗಳಲ್ಲಿ ಅಂಥ ಅವಕಾಶ ಇತ್ತು. ಕಾಂಗ್ರೆಸ್ ಅಧಿಕಾರ ಕೊಡುತ್ತಿತ್ತು, ಮೂಗುದಾರ ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತಿತ್ತು.

1983ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಛಡ್ಡಾ ಪರ ತೀರ್ಪು ಕೊಟ್ಟಿತು. ಇಂಥ ರದ್ದತಿಗೆ ಎರಡೂ ಸದನ ಒಪ್ಪಬೇಕು, ಅಧ್ಯಕ್ಷರ ಮುಂದೆಯೂ ಹೋಗಬೇಕು ಅಂದಿತು. ಛಡ್ಡಾ ಉಳಿದರು, ಅದು ನ್ಯಾಯವೇ. ಆದರೆ ಮೂಗುದಾರ ಕಳಚಿತು. ಅಧ್ಯಕ್ಷರು ತುರ್ತುಸ್ಥಿತಿ ಘೋಷಿಸುವುದಕ್ಕೆ ನಿಯಮ ಹಾಕುವ 1976ರ ರಾಷ್ಟ್ರೀಯ ತುರ್ತುಸ್ಥಿತಿ ಕಾಯ್ದೆಯನ್ನೂ 1985ರಲ್ಲಿ ಇದಕ್ಕೆ ತಕ್ಕಂತೆ ಬದಲಿಸಬೇಕಾಯಿತು. ಈಗ ತುರ್ತುಸ್ಥಿತಿ ಬೇಡ ಅನ್ನುವ ಕಾಂಗ್ರೆಸ್‌ನ ನಿರ್ಣಯವನ್ನು ಅಧ್ಯಕ್ಷರು ವೀಟೋ ಮಾಡಿದರೆ, ಅಂದರೆ ತಳ್ಳಿಹಾಕಿದರೆ, ಅದನ್ನು ಮುರಿಯಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಇರಾನ್ ಒತ್ತೆಯಾಳುಗಳ ವಿಷಯದಲ್ಲಿ 1979ರಲ್ಲಿ ಕಾರ್ಟರ್ ಘೋಷಿಸಿದ ತುರ್ತುಸ್ಥಿತಿಯನ್ನು ನಂತರದ ಅಧ್ಯಕ್ಷರೆಲ್ಲ ವರ್ಷ ವರ್ಷ ಮುಂದುವರಿಸಿದ್ದಾರೆ.

2019ರಲ್ಲಿ ಮೆಕ್ಸಿಕೊ ಗಡಿಗೋಡೆಗೆ ದುಡ್ಡು ಹೊಂದಿಸಲು ಟ್ರಂಪ್ ತುರ್ತುಸ್ಥಿತಿ ಘೋಷಿಸಿದರು. ಎರಡೂ ಸದನ ಬೇಡ ಅಂದವು. ಸೆನೆಟ್‌ನಲ್ಲಿ ಅವರ ಪಕ್ಷದವರೇ 12 ಜನ ವಿರುದ್ಧ ಮತ ಹಾಕಿದರು. ಟ್ರಂಪ್ ವೀಟೋ ಮಾಡಿದರು. ಅದನ್ನು ಮುರಿಯಲು ಕೆಳಮನೆಯಲ್ಲಿ ಬಿದ್ದ ಮತ 248-181. ಇನ್ನೂ 38 ಮತ ಬೇಕಿತ್ತು. ತುರ್ತುಸ್ಥಿತಿ ಹಾಗೇ ಉಳಿಯಿತು.