ಗ್ಯಾರೇಜ್ ಪ್ರಶ್ನೋತ್ತರ: ಪದ್ಮಿನಿಗೆ ಕರೆಂಟ್ ಬೂಸ್ಟರ್ ಹಾಕ್ಬೋದಾ?

ಪ್ರಶ್ನೆ: ಸರ್, ತಾತನ ಕಾಲದ 1978ರ ಪ್ರೀಮಿಯರ್ ಪದ್ಮಿನಿನ ಮನೆ ಶೆಡ್ಡಲ್ಲೇ ರೆಡಿ ಮಾಡ್ತಿದೀನಿ. ಇಂಜಿನ್ ಮುಗೀತು, ಟಿಂಕರಿಂಗ್ ಮುಗೀತು, ಬ್ರೇಕ್ ಮಾತ್ರ ತುಂಬಾ ಗಟ್ಟಿ. ಸಕಲೇಶಪುರ ದಾಟಿ ಶಿರಾಡಿ ಇಳಿಯೋವಾಗಂತೂ ಸೀಟಿಂದ ಎದ್ದು ತುಳೀಬೇಕು. ಟೆಸ್ಲಾ ಕಾರಲ್ಲಿ ಬರೋ ಎಲೆಕ್ಟ್ರಿಕ್ ಬೂಸ್ಟರ್ ಹಾಕು, ವ್ಯಾಕ್ಯೂಮ್ ಪೈಪೇ ಬೇಡ, ಎರಡು ವೈರ್ ಕೊಟ್ರೆ ಸಾಕು ಅಂತಾನೆ ಫ್ರೆಂಡ್ ಒಬ್ಬ. ನಿಜಾನಾ?
– ಒಬ್ಬ ಓದುಗ, ಹಾಸನ

ಉತ್ತರ: ಅರ್ಧ ನಿಜ. ಬೂಸ್ಟರ್ ಅಂದ್ರೆ ಬ್ರೇಕ್ ತುಳಿಯೋವಾಗ ಕಾಲಿನ ಜೊತೆ ಬಲ ಕೂಡಿಸೋ ಸಾಧನ, ಮಾಮೂಲಿದು ಇಂಜಿನ್ನಿನ ವ್ಯಾಕ್ಯೂಮಲ್ಲಿ, ಅಂದ್ರೆ ಗಾಳಿ ಎಳೆತದಲ್ಲಿ ನಡೆಯತ್ತೆ. ನಿಮ್ಮ ಫ್ರೆಂಡ್ ಹೇಳ್ತಿರೋದು ಬಾಷ್ ಕಂಪನಿಯ ಐಬೂಸ್ಟರ್, 2013ರಲ್ಲಿ ಬಂದಿದ್ದು, ಟೆಸ್ಲಾದಲ್ಲೂ ಇದೆ, ಹೊರದೇಶದ ಹೋಂಡಾ ಸಿಆರ್-ವಿಗಳಲ್ಲೂ ಸಿಗತ್ತೆ. ನೀವು ಪೆಡಲ್ ಎಷ್ಟು ತುಳಿದ್ರಿ ಅಂತ ಒಳಗಿರೋ ಸೆನ್ಸರ್ ನೋಡತ್ತೆ, ಅದಕ್ಕೆ ತಕ್ಕಂಗೆ ಮೋಟರ್ ಒಂದು ಗೇರ್ ಮೂಲಕ ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲನ್ನ ಚಕ್ರಗಳಿಗೆ ಒತ್ತೋದು) ರಾಡನ್ನ ತಳ್ಳತ್ತೆ. ಗಾಡಿಯ ಕಂಪ್ಯೂಟರ್ ಜೊತೆ ಸಂಪರ್ಕ ಇಲ್ಲದಿದ್ರೂ ಬ್ಯಾಟರಿ, ಅರ್ತ್, ಇಗ್ನಿಷನ್ ಕೊಟ್ರೆ ತನ್ನ ಡೀಫಾಲ್ಟ್ ಲೆಕ್ಕದಲ್ಲಿ ಕೆಲಸ ಮಾಡತ್ತೆ, ಅದಕ್ಕೇ ಹಳೇ ಗಾಡಿ ಹುಚ್ಚಿರೋರಿಗೆ ಇದು ಇಷ್ಟ.

ಆದ್ರೆ ಮೊದ್ಲು ನನಗೊಂದು ಹೇಳಿ, ಪೆಡಲ್ ಬೆಳಗ್ಗೆ ಮನೆ ಬಿಡೋವಾಗ್ಲೇ ಗಟ್ಟಿನಾ, ಇಲ್ಲಾ ಘಾಟಿ ಅರ್ಧ ಇಳಿದ ಮೇಲಾ? ಇವೆರಡೂ ಬೇರೆ ಬೇರೆ ಕಾಯಿಲೆ. ತಣ್ಣಗಿರೋವಾಗ್ಲೇ ಗಟ್ಟಿ ಇದ್ರೆ ಲೈನಿಂಗ್ (ಡ್ರಮ್ಮಿಗೆ ಒತ್ತಿ ಹಿಡಿಯೋ ಶೂ ಮೇಲಿನ ಪದರ) ಮೇಲೆ ಎಣ್ಣೆ ಕೂತಿದೆ, ಇಲ್ಲಾ ಗ್ಲೇಜ್ ಆಗಿ ಗಾಜಿನಂಗಾಗಿದೆ, ಇಲ್ಲಾ ಶೂನ ಡ್ರಮ್ಮಿಗೆ ತಳ್ಳೋ ವೀಲ್ ಸಿಲಿಂಡರ್ ಪಿಸ್ಟನ್ ಜಾಮ್ ಆಗಿದೆ, ಇಲ್ಲಾ ರಬ್ಬರ್ ಹೋಸ್ ಒಳಗಡೆ ಊದ್ಕೊಂಡು ದಾರಿ ಕಟ್ಟಿದೆ, ವರ್ಷಗಟ್ಟಲೆ ನಿಂತಿದ್ದ ಗಾಡಿಯಲ್ಲಿ ಇವೆಲ್ಲಾ ಒಟ್ಟಿಗೇ ಇದ್ರೂ ಆಶ್ಚರ್ಯ ಇಲ್ಲ. ಘಾಟಿಯಲ್ಲಿ ಸುಟ್ಟ ವಾಸನೆ ಬಂದು, ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದೇ ಇದ್ರೆ ಅದು ಡ್ರಮ್ ಕಾದು ಲೈನಿಂಗ್ ಹಿಡಿತ ಕಳ್ಕೊಂಡಿರೋದು. ಪೆಡಲ್ ಮೆತ್ತಗಾಗಿ ಕೆಳಗೆ ಹೋಗ್ತಿದ್ರೆ ಬ್ರೇಕ್ ಆಯಿಲ್ ಕುದೀತಿದೆ ಅಂತ. ಕಾದ ಡ್ರಮ್ಮಿಗೂ ಕುದ್ದ ಆಯಿಲ್‌ಗೂ ಬೂಸ್ಟರ್ ಔಷಧಿ ಅಲ್ಲ, ಅದು ಕಾಲಿನ ಶ್ರಮ ಕಮ್ಮಿ ಮಾಡತ್ತೆ ಅಷ್ಟೇ. ಅದನ್ನ ನಂಬ್ಕೊಂಡು ಇನ್ನೂ ಜೋರಾಗಿ ಇಳಿದ್ರೆ ಶಾಖ ಇನ್ನೂ ಜಾಸ್ತಿ. ಶಿರಾಡಿಗೆ ಸೆಕೆಂಡ್ ಗೇರೇ ಸರಿ.

ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್. ಡ್ರಮ್ಮಿನ ಮುಂದಿನ ಶೂ ತಿರುಗೋ ದಿಕ್ಕಲ್ಲಿ ತಾನೇ ಒಳಗೆ ಎಳ್ಕೊಳತ್ತೆ, ಹಾಗಾಗಿ ಸರಿಯಾಗಿ ಸೆಟ್ ಮಾಡಿದ ಡ್ರಮ್ಮಿಗೆ ಬೂಸ್ಟರ್ ಇಲ್ದೇನೂ ನಡೆಯತ್ತೆ, ಬೂಸ್ಟರ್ ಕೂರಿಸಿದ್ರೆ ಮಳೇಲಿ ಸ್ವಲ್ಪ ಮುಟ್ಟಿದ್ರೂ ಚಕ್ರ ಲಾಕ್ ಆಗ್ಬೋದು. ಡಿಸ್ಕಿಗೆ ಈ ಸ್ವಂತ ಎಳೆತ ಇಲ್ಲ, ಅದಕ್ಕೇ ಅದಕ್ಕೆ ಬೂಸ್ಟರ್ ಬೇಕಾಗೋದು. ಅಂದ್ರೆ ಕ್ರಮ ಹೀಗಿರ್ಲಿ: ಮೊದ್ಲು ಡ್ರಮ್ ಲೇತಿಗೆ ಕೊಟ್ಟು ಹೊಸ ಲೈನಿಂಗ್, ಹೊಸ ಹೋಸ್, ವೀಲ್ ಸಿಲಿಂಡರ್ ಕಿಟ್ ಹಾಕಿಸಿ, ಮಾಸ್ಟರ್ ಸಿಲಿಂಡರ್ ಸಿಂಗಲ್ ಇದ್ರೆ ಟ್ಯಾಂಡಮ್ (ಎರಡು ಬೇರೆ ಬೇರೆ ಲೈನಿನದು) ಮಾಡಿಸಿ, ಯಾಕಂದ್ರೆ ಸಿಂಗಲ್ಲಲ್ಲಿ ಒಂದು ಪೈಪ್ ಒಡೆದ್ರೆ ನಾಲ್ಕೂ ಬ್ರೇಕ್ ಢಮಾರ್, ಉಳಿಯೋದು ಹ್ಯಾಂಡ್ ಬ್ರೇಕ್ ಮಾತ್ರ. ಆಮೇಲೆ ಬೇಕಿದ್ರೆ ಮುಂದಕ್ಕೆ ಡಿಸ್ಕ್. ಅದೂ ಆದ್ಮೇಲೆ ಬೂಸ್ಟರ್ ಮಾತು.

ಆಗ್ಲೂ ಎಲೆಕ್ಟ್ರಿಕ್ ಯಾಕೆ ಅಂತ ಕೇಳ್ತೀನಿ. ಚೆನ್ನಾಗಿರೋ ಪೆಟ್ರೋಲ್ ಇಂಜಿನ್ ಐಡಲಲ್ಲೇ 18-20 ಇಂಚು (ಪಾದರಸದ ಲೆಕ್ಕದಲ್ಲಿ) ವ್ಯಾಕ್ಯೂಮ್ ಕೊಡತ್ತೆ, ಗುಜರೀಲಿ ಸಿಗೋ ಸಣ್ಣ ಕಾರಿನ ಮಾಮೂಲಿ ಬೂಸ್ಟರ್ರಿಗೆ ಅಷ್ಟು ಧಾರಾಳ.

ಇಲ್ಲ, ಹಾಕೇ ಹಾಕ್ತೀನಿ ಅಂದ್ರೆ ಬೋರ್ (ಸಿಲಿಂಡರಿನ ಒಳ ವ್ಯಾಸ) ಲೆಕ್ಕ ನೋಡ್ಕೊಳ್ಳಿ, ಎಲ್ಲರೂ ಎಡವೋದು ಅಲ್ಲೇ. ನೀವು 30 ಕೆಜಿ ತುಳಿದ್ರಿ, ಪೆಡಲ್ ಐದು ಪಟ್ಟು ಮಾಡ್ತು, ರಾಡ್ ಮೇಲೆ 150 ಕೆಜಿ ಅಂದ್ಕೊಳ್ಳಿ. ಮಾಸ್ಟರ್ ಸಿಲಿಂಡರ್ ಬೋರ್ ಮುಕ್ಕಾಲು ಇಂಚಾದ್ರೆ ಚದರ ಸೆಂಟಿಮೀಟರಿಗೆ ಸುಮಾರು 53 ಕೆಜಿ ಪ್ರೆಶರ್, ಒಂದು ಇಂಚಾದ್ರೆ ಬರೀ 30. ಮೋಟರ್ ಓಡ್ತಿರೋವಾಗ ಈ ವ್ಯತ್ಯಾಸ ಗೊತ್ತಾಗಲ್ಲ. ಫ್ಯೂಸ್ ಹೋದ ದಿನ ಗೊತ್ತಾಗತ್ತೆ. ಕರೆಂಟ್ ಇಲ್ದಿದ್ರೂ ರಾಡ್ ನೇರ ತಳ್ಳತ್ತೆ ನಿಜ, ಆದ್ರೆ ಆಗ ಇರೋದು ನಿಮ್ಮ ಕಾಲು ಮಾತ್ರ. ಅದಕ್ಕೆ ರೋಡಿಗೆ ಹೋಗೋ ಮುಂಚೆ ಖಾಲಿ ಮೈದಾನದಲ್ಲಿ ಫ್ಯೂಸ್ ಕಿತ್ತು ನಿಧಾನಕ್ಕೆ ಓಡಿಸಿ ನಿಲ್ಲಿಸಿ ನೋಡಿ. ನಿಲ್ಲಿಸೋಕೆ ಒದ್ದಾಡಿದ್ರೆ ಆ ಸೆಟಪ್ ಬೇಡ.

ವೈರಿಂಗಲ್ಲಿ ಜಿಪುಣತನ ಬೇಡ. ಜೋರಾಗಿ ತುಳಿದ ಕ್ಷಣ ಮೋಟರ್ ದೊಡ್ಡ ಕರೆಂಟ್ ಎಳೆಯತ್ತೆ, ಬ್ಯಾಟರಿಯಿಂದ ನೇರ ದಪ್ಪ ವೈರ್, ಅದಕ್ಕೇ ಅಂತ 40 ಆಂಪ್ ಫ್ಯೂಸ್, ಅರ್ತ್ ಕೂಡ ಅಷ್ಟೇ ದಪ್ಪ. ಗಾಡೀಲಿ ಇನ್ನೂ ಡೈನಮೋ ಇದ್ರೆ ಮೊದ್ಲು ಆಲ್ಟರ್ನೇಟರ್ ಮಾಡಿಸಿ, ಡೈನಮೋ ಐಡಲಲ್ಲಿ ಚಾರ್ಜ್ ಮಾಡೋದು ಅಷ್ಟಕ್ಕಷ್ಟೇ. ಹಳೇ ಫೈರ್‌ವಾಲ್ ತಗಡಿಗೆ (ಇಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯದ ಗೋಡೆ) ಒಳಗಡೆಯಿಂದ ಪ್ಲೇಟ್ ಕೊಡಿಸಿ, ಇಲ್ಲಾಂದ್ರೆ ತುಳಿದಾಗ ತಗಡೇ ಬಾಗತ್ತೆ. ರಾಡ್ ಉದ್ದ ಸ್ವಲ್ಪ ಜಾಸ್ತಿ ಆದ್ರೂ ಪಿಸ್ಟನ್ ಪೂರ್ತಿ ವಾಪಸ್ ಬರಲ್ಲ, ಬ್ರೇಕ್ ತಾನೇ ಹಿಡ್ಕೊಳತ್ತೆ. ಗುಜರಿ ಪೀಸ್ ತಗೊಂಡ್ರೆ ಕನೆಕ್ಟರ್ ವೈರ್ ಸಮೇತ ತಗೊಳ್ಳಿ, ಆಕ್ಸಿಡೆಂಟ್ ಗಾಡೀದಾಗಿದ್ರೆ ರಾಡ್ ಬಾಗಿದ್ಯಾ ನೋಡಿ.

ಪ್ರಶ್ನೆ: ನಮ್ಮ ಹಳೇ ಜಿಪ್ಸಿ ಇಂಜಿನ್ ತೆಗೆದು ಬ್ಯಾಟರಿ ಗಾಡಿ ಮಾಡೋ ಪ್ಲಾನ್ ಇದೆ. ಬ್ರೇಕ್ ಬೂಸ್ಟರ್ರಿಗೆ ವ್ಯಾಕ್ಯೂಮ್ ಎಲ್ಲಿಂದ ತರ್ಲಿ ಅಣ್ಣಾ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ನಿಮ್ಮ ಕೇಸೇ ಬೇರೆ, ಇಂಜಿನ್ನೇ ಇಲ್ಲ ಅಂದ್ಮೇಲೆ ವ್ಯಾಕ್ಯೂಮೂ ಇಲ್ಲ, ಇಲ್ಲಿ ಎಲೆಕ್ಟ್ರಿಕ್ ಬೂಸ್ಟರ್ ಕೇಳೋದ್ರಲ್ಲಿ ಅರ್ಥ ಇದೆ. ಇನ್ನೊಂದು ದಾರಿ ಅಂದ್ರೆ ಈಗಿರೋ ಬೂಸ್ಟರ್ ಹಾಗೇ ಬಿಟ್ಟು 12 ವೋಲ್ಟಿನ ವ್ಯಾಕ್ಯೂಮ್ ಪಂಪ್, ಪ್ರೆಶರ್ ಸ್ವಿಚ್, ಜೊತೆಗೊಂದು ಸಣ್ಣ ಟ್ಯಾಂಕ್ ಕೂರಿಸೋದು. ಸ್ವಲ್ಪ ಗುಂಯ್ ಅನ್ನತ್ತೆ, ಆದ್ರೆ ಪಂಪ್ ಕೆಟ್ರೂ ಟ್ಯಾಂಕಲ್ಲಿ ಒಂದೆರಡು ಬ್ರೇಕಿಗೆ ಆಗೋವಷ್ಟು ಉಳಿದಿರತ್ತೆ, ನಾನಾದ್ರೆ ಇದನ್ನೇ ಮಾಡ್ತೀನಿ. ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿ ವಿವರ ಮೂಲ ಗಾಡಿಗಿಂತ ಬೇರೆ ಆಗೋ ತರ ಸುಮ್ನೆ ಬದಲಾಯಿಸೋ ಹಾಗಿಲ್ಲ. ಎಲೆಕ್ಟ್ರಿಕ್ ಮಾಡೋಕೆ ಅಪ್ರೂವ್ ಆದ ಕಿಟ್ಟೇ ಬೇಕು, ಆರ್‌ಟಿಓದಲ್ಲಿ ಆರ್‌ಸಿ ತಿದ್ದಿಸ್ಬೇಕು. ಇನ್ಶೂರೆನ್ಸಿನವರಿಗೂ ಮೊದ್ಲೇ ಹೇಳಿ, ಕ್ಲೇಮ್ ಟೈಮಲ್ಲಿ ಹೇಳೋದಲ್ಲ.

ಪ್ರಶ್ನೆ: ಡಾಟ್ 3 ಬ್ರೇಕ್ ಆಯಿಲ್ ಇರೋ ಗಾಡಿಗೆ ಡಾಟ್ 4 ಹಾಕ್ಬೋದಾ? ಡಾಟ್ 5 ಇನ್ನೂ ಒಳ್ಳೇದಾ?
– ಒಬ್ಬ ಓದುಗಿ, ಮಡಿಕೇರಿ

ಉತ್ತರ: ಡಾಟ್ 4 ಧಾರಾಳವಾಗಿ ಹಾಕಿ. ಹೊಸದಾಗಿದ್ದಾಗ ಅದು ಕುದಿಯೋದು 230 ಡಿಗ್ರಿಗಿಂತ ಮೇಲೆ, ಡಾಟ್ 3ಗೆ ಆ ಮಿತಿ 205. ಆದ್ರೆ ನೀರು ಹೀರ್ಕೊಂಡ ಮೇಲೆ ಡಾಟ್ 4 ಕೂಡ 155ರ ಹತ್ರಕ್ಕೆ ಇಳಿಯತ್ತೆ, ನಿಮ್ಮೂರಿನ ಮಳೆಗೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಸುಮ್ನೆ ಟಾಪ್ ಅಪ್ ಮಾಡೋದಲ್ಲ. ಡಾಟ್ 5 ಸಿಲಿಕೋನ್, ಇವೆರಡರ ಜೊತೆ ಬೆರೆಸಲೇಬಾರದು. ಡಾಟ್ 5.1 ಅಂತ ಬೇರೆ ಒಂದಿದೆ, ಅದು ಡಾಟ್ 4ರ ಜಾತಿನೇ, ಅಂಗಡೀಲಿ ಡಬ್ಬಿ ಓದಿ ತಗೊಳ್ಳಿ.