ಭಾವನ ಡ್ರೈವ್‌ನಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ "ಫ್ಲ್ಯಾಶ್ ಮೆಮೊರಿ: ವೇಗ ಮತ್ತು ಸಾಮರ್ಥ್ಯದ ಸಮತೋಲನ" ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ. ಒಳ್ಳೆಯ ಲೇಖನ ಇದೆ, ಆದರೆ ಅದು ಐದನೇ ಪುಟದಲ್ಲಿ ಅವಿತು ಕೂತಿದೆ.

ಅಲ್ಲಿ ನಿಮ್ಮ ಭಾವನ ಸ್ಟುಡಿಯೋ ಬರುತ್ತದೆ. ಒಂದು ಮದುವೆಯ ವಿಡಿಯೋ, 180 ಜಿಬಿ. ಒಂದು ಟಿಬಿಯ ಕ್ಯೂಎಲ್‌ಸಿ ಎಸ್‌ಎಸ್‌ಡಿಗೆ (ಫ್ಲ್ಯಾಶ್ ಚಿಪ್‌ಗಳ ಡ್ರೈವ್; ಕ್ಯೂಎಲ್‌ಸಿ ಅಂದರೆ ಕಮ್ಮಿ ಜಾಗದಲ್ಲಿ ಹೆಚ್ಚು ತುಂಬುವ ಬಗೆ) ಕಾಪಿ ಹಾಕಿದ್ದಾರೆ. ಸೆಕೆಂಡಿಗೆ 900 ಎಂಬಿ ಓಡುತ್ತಿದ್ದದ್ದು 80 ಜಿಬಿ ಹತ್ತಿರ ಬರುತ್ತಿದ್ದಂತೆ ದಬಕ್ಕನೆ 90 ಎಂಬಿಗೆ ಇಳಿದಿದೆ, ಭಾವ ಡ್ರೈವ್ ಕೆಟ್ಟೋಯ್ತು ಅಂತ ಬಿಲ್ಲು ಹುಡುಕಿಕೊಂಡು ಅಂಗಡಿಗೆ ಹೊರಟಿದ್ದಾರೆ, ಅವರು ಚಪ್ಪಲಿ ಹಾಕಿಕೊಳ್ಳುವಾಗ ನೀವು ತಡೆದಿದ್ದೀರಿ. ಎಷ್ಟು ಚೆನ್ನಾಗಿದೆ! ಇದಕ್ಕೆ ನೀವು ಕೊಟ್ಟಿದ್ದು ನಾಲ್ಕೇ ಸಾಲು. "ಇಂದಿನ ಡಿಜಿಟಲ್ ಯುಗದಲ್ಲಿ" ಅಂತ ಶುರುವಾಗುವ ಪೀಠಿಕೆಗೆ ಮಾತ್ರ ಎರಡು ಪುಟ. ಪೀಠಿಕೆ ಪೂರ್ತಿ ತೆಗೆಯಿರಿ. ಚಪ್ಪಲಿಯಿಂದ ಶುರು ಮಾಡಿ.

ಇತಿಹಾಸವನ್ನೂ ಕತ್ತರಿಸಿ. 1980ರ ದಶಕದಲ್ಲಿ ತೊಷಿಬಾದಲ್ಲಿದ್ದ ಫುಜಿಯೋ ಮಸುವೊಕಾ ಫ್ಲ್ಯಾಶ್ ಮೆಮೊರಿಯನ್ನು, ಅಂದರೆ ಕರೆಂಟ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಚಿಪ್ಪನ್ನು, ಕಂಡುಹಿಡಿದರು ಅನ್ನುವುದು ಒಂದು ವಾಕ್ಯಕ್ಕೆ ಸಾಕು. ಆದರೆ ನೀವು ಬಿಟ್ಟ ಒಂದು ವಿಷಯ ಇಲ್ಲಿ ಬೇಕಿತ್ತು. ಒಂದಿಡೀ ಭಾಗ ಒಂದೇ ಸಲಕ್ಕೆ ಅಳಿಸಿ ಹೋಗುವುದು ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ ಹಾಗಿದೆ ಅಂತ ಅವರ ಸಹೋದ್ಯೋಗಿಯೊಬ್ಬರು ಈ ಹೆಸರು ಸೂಚಿಸಿದರು. ಫ್ಲ್ಯಾಶ್‌ನ ಕಷ್ಟವೆಲ್ಲ ಆ ಹೆಸರಲ್ಲೇ ಇದೆ. ಚಿಪ್ಪಿನಲ್ಲಿ ಬರೆಯುವುದು ಪುಟ ಪುಟವಾಗಿ, ಒಂದೊಂದು ಪುಟ ಕೆಲವು ಕೆಬಿಗಳಷ್ಟು. ಅಳಿಸುವುದು ಮಾತ್ರ ಬ್ಲಾಕ್ ಲೆಕ್ಕದಲ್ಲಿ, ಅಂದರೆ ನೂರಾರು ಪುಟ ಒಟ್ಟಿಗೆ. ಅಳಿಸದೆ ಅದೇ ಜಾಗದಲ್ಲಿ ಮತ್ತೆ ಬರೆಯುವ ಹಾಗಿಲ್ಲ.

ನೀವು "ತ್ಯಾಜ್ಯ ಸಂಗ್ರಹಣೆ" ಅಂತ ಬರೆದಿದ್ದೀರಲ್ಲ, ನನಗೆ ಬೆಳಗ್ಗೆ ಬರುವ ಕಸದ ಗಾಡಿಯ ಹಾಡು ಕೇಳಿಸಿತು. ಗಾರ್ಬೇಜ್ ಕಲೆಕ್ಷನ್ ಅಂತಲೇ ಬರೆಯಿರಿ, ಮನೆಗೆ ಸುಣ್ಣ ಬಳಿಯುವುದನ್ನು ನೆನಪಿಸಿ. ಒಂದು ರೂಮು ಬಳಿಯಬೇಕಾದರೆ ಅಲ್ಲಿನ ಸಾಮಾನು ಇನ್ನೊಂದು ರೂಮಿಗೆ ಹೋಗಬೇಕು. ಒಂದು ರೂಮು ಖಾಲಿ ಇದ್ದರೆ ಸಲೀಸು. ಎಲ್ಲ ರೂಮೂ ತುಂಬಿದ್ದರೆ ಅದೇ ಮಂಚವನ್ನು ನಾಲ್ಕು ಸಲ ಎತ್ತಿಡಬೇಕು, ಬೆನ್ನು ಬಿದ್ದುಹೋಗುತ್ತದೆ. ಡ್ರೈವ್‌ನ ಕಥೆಯೂ ಇದೇ. ಬ್ಲಾಕ್ ಅಳಿಸುವ ಮುನ್ನ ಅದರಲ್ಲಿ ಇನ್ನೂ ಬೇಕಾಗಿರುವ ಪುಟಗಳನ್ನು ಬೇರೆ ಕಡೆ ಬರೆಯಬೇಕು. ಡ್ರೈವ್ ತುಂಬಿದಷ್ಟೂ ಈ ಎತ್ತಿಡುವ ಕೆಲಸ ಜಾಸ್ತಿ, ಸವೆತವೂ ಜಾಸ್ತಿ.

ಈಗ ತಪ್ಪುಗಳಿಗೆ ಬರೋಣ. 256 ಜಿಬಿ ಡ್ರೈವ್‌ನಲ್ಲಿ ವಿಂಡೋಸ್ 238 ತೋರಿಸುತ್ತದೆ, ಉಳಿದದ್ದನ್ನು ಕಂಪನಿ ನುಂಗಿದೆ ಅಂತ ಬರೆದಿದ್ದೀರಿ. ಯಾರೂ ನುಂಗಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ, ಅಷ್ಟೇ. ನಮ್ಮ ಕಣ್ಣಿಗೆ ಬೀಳದ ಜಾಗ ಇರುವುದು ನಿಜ, ಅದು ಡ್ರೈವ್ ನಡೆಸುವ ಕಂಟ್ರೋಲರ್ ಚಿಪ್ ಇಟ್ಟುಕೊಂಡ ಆ ಖಾಲಿ ರೂಮು. ಎರಡನ್ನೂ ಕಲಸಬೇಡಿ.

ಇನ್ನೊಂದು, ಕ್ಯೂಎಲ್‌ಸಿಯಲ್ಲಿ "ನಾಲ್ಕು ಮಟ್ಟ" ಅಂದಿದ್ದೀರಿ. ಮಾಹಿತಿ ಹಿಡಿದಿಡುವ ಒಂದೊಂದು ಪುಟ್ಟ ಸೆಲ್ಲಿನಲ್ಲಿ ನಾಲ್ಕು ಇರುವುದು ಬಿಟ್, ವಿದ್ಯುತ್ತಿನ ಮಟ್ಟ 16. ಇದು ಸಣ್ಣ ತಪ್ಪಲ್ಲ, ನಿಮ್ಮ ಇಡೀ ವಾದ ಇದರ ಮೇಲೆ ನಿಂತಿದೆ. ಎಸ್‌ಎಲ್‌ಸಿಯ ಸೆಲ್ಲಿನಲ್ಲಿ ಒಂದು ಬಿಟ್, ಎರಡೇ ಮಟ್ಟ. ಲೋಟ ತುಂಬಿದೆಯೋ ಖಾಲಿಯೋ ಅಂತ ದೂರದಿಂದಲೇ ಹೇಳಬಹುದು. ಟಿಎಲ್‌ಸಿಗೆ ಮೂರು ಬಿಟ್, ಎಂಟು ಮಟ್ಟ. ಕ್ಯೂಎಲ್‌ಸಿ ಅಂದರೆ ಅದೇ ಲೋಟಕ್ಕೆ 16 ಗೆರೆ. ಮಗುವಿನ ಔಷಧಿಯನ್ನು ಮುಚ್ಚಳದಲ್ಲಿ ಅಳೆಯುವ ಹಾಗೆ ಬಗ್ಗಿ ನೋಡಿ ತೊಟ್ಟು ತೊಟ್ಟಾಗಿ ಹಾಕಬೇಕು. ಅದಕ್ಕೇ ಬರೆಯುವುದು ನಿಧಾನ. ಸೆಲ್ಲು ಸ್ವಲ್ಪ ಸವೆದರೂ ಯಾವ ಗೆರೆ ಅಂತ ಗೊಂದಲ, ಹಾಗಾಗಿ ಆಯಸ್ಸೂ ಕಮ್ಮಿ. ಎಸ್‌ಎಲ್‌ಸಿ ಸುಮಾರು ಲಕ್ಷ ಸಲ ಅಳಿಸಿ ಬರೆಯುವುದನ್ನು ತಡೆದರೆ ಕ್ಯೂಎಲ್‌ಸಿಗೆ ಸಾವಿರದ ಆಸುಪಾಸು. ಇಷ್ಟೆಲ್ಲ ಕಷ್ಟಪಟ್ಟು ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಹೋದರೆ ಸಿಗುವ ಹೆಚ್ಚುವರಿ ಜಾಗ ಮೂರನೇ ಒಂದು ಭಾಗ ಮಾತ್ರ. ಮಟ್ಟಗಳು ದುಪ್ಪಟ್ಟು, ಲಾಭ 33 ಶೇಕಡ. ಈ ಲೆಕ್ಕ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಹಾಗಿದ್ದರೆ ಭಾವನಿಗೆ ಮೊದಲು 900 ಎಲ್ಲಿಂದ ಬಂತು? ನೀವು "ಕ್ಯಾಶ್ ಇರುತ್ತದೆ" (ಬೇಗ ಬರೆದುಕೊಳ್ಳುವ ತಾತ್ಕಾಲಿಕ ಜಾಗ) ಅಂತ ಹೇಳಿ ದಾಟಿಬಿಟ್ಟಿದ್ದೀರಿ. ನಿಲ್ಲಬೇಕಾದ ಜಾಗ ಅದೇ. ಡ್ರೈವ್ ತನ್ನ ಖಾಲಿ ಕ್ಯೂಎಲ್‌ಸಿ ಸೆಲ್ಲುಗಳನ್ನೇ ಸ್ವಲ್ಪ ಹೊತ್ತು ಎಸ್‌ಎಲ್‌ಸಿ ತರಹ ಬಳಸುತ್ತದೆ. ಒಂದೊಂದು ಬಿಟ್ ಮಾತ್ರ ಹಾಕಿ ಬೇಗ ಬೇಗ ಇಳಿಸಿಕೊಂಡು, ಆಮೇಲೆ ಪುರುಸೊತ್ತಿದ್ದಾಗ ನಾಲ್ಕು ಸೆಲ್ಲಿನದನ್ನು ಒಂದಕ್ಕೆ ಒತ್ತುತ್ತದೆ. ಅಂದರೆ ಈ ವೇಗ ಜಾಗದಿಂದ ತೆಗೆದ ಕೈಸಾಲ. 1 ಜಿಬಿ ವೇಗಕ್ಕೆ 4 ಜಿಬಿ ಖಾಲಿ ಜಾಗ ಅಡ. 2018ರಲ್ಲಿ ಬಂದ ಇಂಟೆಲ್ 660ಪಿಯ ಒಂದು ಟಿಬಿ ಮಾದರಿಯಲ್ಲಿ ಈ ಕ್ಯಾಶ್ ಖಾಲಿ ಡ್ರೈವ್‌ನಲ್ಲಿ ಸುಮಾರು 140 ಜಿಬಿ ಇತ್ತು, ತುಂಬುತ್ತಾ ಬಂದರೆ 12ಕ್ಕೆ ಇಳಿಯುತ್ತಿತ್ತು. ಸಾಲ ಮುಗಿದ ಮೇಲೆ ಹೊಸದನ್ನೂ ಬರೆಯಬೇಕು, ಹಳೆಯದನ್ನೂ ಒತ್ತಬೇಕು. 90 ಎಂಬಿ ಅಂದ್ರೆ ಅದು.

"ವೇಗ ಬೇಕಾದವರು ಎಸ್‌ಎಲ್‌ಸಿ ಕೊಳ್ಳಿ" ಅನ್ನುವ ನಿಮ್ಮ ಕೊನೆಯ ಸಲಹೆ ಯಾರಿಗೂ ಉಪಯೋಗವಿಲ್ಲ. ಮಾಮೂಲಿ ಅಂಗಡಿಯಲ್ಲಿ ಸಿಕ್ಕರೆ ತಾನೆ ಕೊಳ್ಳೋದು? ಒಂದಿಷ್ಟು ಖಾಲಿ ಬಿಡಿ, ದೊಡ್ಡ ಕಾಪಿಯನ್ನು ಎರಡು ಕಂತಲ್ಲಿ ಹಾಕಿ, ನಡುವೆ ಡ್ರೈವ್‌ಗೆ ಸ್ವಲ್ಪ ಪುರುಸೊತ್ತು ಕೊಡಿ, ಟ್ರಿಮ್ ಆನ್ ಇದೆಯಾ ನೋಡಿಕೊಳ್ಳಿ. ಇಷ್ಟು ಹೇಳಿದರೆ ಸ್ಟುಡಿಯೋದವರು ಕಟ್ ಮಾಡಿ ಇಟ್ಟುಕೊಳ್ಳುತ್ತಾರೆ. ಟ್ರಿಮ್ ಬಗ್ಗೆ ಒಂದೆರಡು ಸಾಲು ಸೇರಿಸಿ. ಫೈಲ್ ಡಿಲೀಟ್ ಆಗಿದೆ, ಆ ಪುಟಗಳು ಇನ್ನು ಬೇಡ ಅಂತ ಡ್ರೈವ್‌ಗೆ ತಿಳಿಸುವುದು ಅದೇ. ಯಾರೂ ಹೇಳದಿದ್ದರೆ ಅದು ಪಾಪ, ಬೇಡದ ಸಾಮಾನನ್ನೂ ಸುಮ್ನೆ ಹೊತ್ತು ತಿರುಗುತ್ತದೆ.

ಪದಗಳ ಮಿತಿ 1200. ತಿದ್ದಿ ಕಳಿಸಿ, ಓದುತ್ತೇನೆ. ಕಳಿಸುವ ಮುನ್ನ ಭಾವನಿಗೆ ಒಂದು ಫೋನ್ ಮಾಡಿ: ಅವತ್ತು ಕಾಪಿ ಶುರು ಮಾಡಿದಾಗ ಆ ಡ್ರೈವ್‌ನಲ್ಲಿ ಎಷ್ಟು ಜಾಗ ಖಾಲಿ ಇತ್ತು? 350 ಜಿಬಿ ಆಸುಪಾಸು ಅಂದರೆ ನಾಲ್ಕರಿಂದ ಭಾಗಿಸಿ ನೋಡಿ. ಇಡೀ ಲೇಖನದಲ್ಲಿ ನೀವು ಕೊಡದೇ ಇರುವುದು ಆ ಒಂದು ಅಂಕಿಯನ್ನೇ.