ದೇವರಿಗೆ ಹೆದರದವರ ಕೈಯಲ್ಲಿ ಸಂಘದ ದುಡ್ಡು

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ನೀವು ಬರೆದ ಪತ್ರವನ್ನು ಓದಿ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಸ್ತ್ರೀಶಕ್ತಿ ಸಂಘದ ಪ್ರತಿನಿಧಿಯಾಗಿ ಏಳು ವರ್ಷಗಳಿಂದ ಉಳಿತಾಯದ ಹಣವನ್ನೂ ಸಾಲದ ಲೆಕ್ಕವನ್ನೂ ನೋಡಿಕೊಂಡು ಬಂದಿರುವ ನೀವು, ದೇವರಲ್ಲಿ ನಂಬಿಕೆಯಿಲ್ಲವೆಂಬುದನ್ನು ಯಾರಿಂದಲೂ ಮುಚ್ಚಿಟ್ಟವರಲ್ಲ. ಸಭೆ ಶುರುವಾಗುವ ಮೊದಲು ಎಲ್ಲರೂ ಗಂಗಮ್ಮನ ಪಟಕ್ಕೆ ಕೈ ಮುಗಿಯುವಾಗ ನೀವು ಗೌರವದಿಂದ ಎದ್ದು ನಿಲ್ಲುತ್ತೀರಿ, ಅಷ್ಟೇ. ಕಳೆದ ತಿಂಗಳು ಸದಸ್ಯೆಯೊಬ್ಬರು, ‘ದೇವರಿಗೇ ಹೆದರದೋಳು ನಮಗೆ ಹೆದರ್ತಾಳಾ? ದುಡ್ಡು ಅವಳ ಕೈಲಿ ಬೇಡ’ ಎಂದರು. ರಾಜೀನಾಮೆ ಕೊಡಲೇ, ಇಲ್ಲವೇ ನೆಮ್ಮದಿಗಾಗಿ ಇನ್ನು ಮುಂದೆ ಕೈ ಮುಗಿದುಬಿಡಲೇ ಎಂದು ಕೇಳಿದ್ದೀರಿ.

ಪತ್ರದ ಕೊನೆಯಲ್ಲಿ ಒಂದು ಸಾಲನ್ನು ಹಾಗೆಯೇ ಸೇರಿಸಿದ್ದೀರಿ: ‘ಪಕ್ಕದಲ್ಲಿದ್ದ ಎರಡನೇ ಪ್ರತಿನಿಧಿ ತಲೆ ತಗ್ಗಿಸಿ ಕುಳಿತಿದ್ದರು, ಪಾಪ, ಅವರಿಗೂ ಮುಜುಗರವಾಗಿರಬೇಕು.’ ನನಗೆ ಅವರ ಮೇಲೆ ಕನಿಕರ ಹುಟ್ಟುತ್ತಿಲ್ಲ. ಬ್ಯಾಂಕಿನಿಂದ ಹಣ ತೆಗೆಯಬೇಕಾದರೆ ನಿಮ್ಮ ಸಹಿಯ ಜೊತೆಗೆ ಅವರ ಸಹಿಯೂ ಬೇಕು. ಒಂದು ರೂಪಾಯಿಯೂ ಆಚೀಚೆಯಾಗಿಲ್ಲವೆಂಬುದು ಆ ಕೋಣೆಯಲ್ಲಿ ನಿಮ್ಮನ್ನು ಬಿಟ್ಟರೆ ಅವರಿಗೇ ಚೆನ್ನಾಗಿ ಗೊತ್ತು. ಆಪಾದನೆ ಮಾಡಿದ ಹೆಂಗಸು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತನ್ನೇ ಆಡಿದ್ದಾರೆ. ದೇವರ ಆಣೆ ಹಾಕಿಸಿಕೊಂಡು ಕೈಸಾಲ ಕೊಡುವ ಊರಿನಲ್ಲಿ ಅಂಥ ಅನುಮಾನ ಸಹಜ. ಗೊತ್ತಿದ್ದೂ ಬಾಯಿ ಬಿಡದವರ ತಪ್ಪು ಅದಕ್ಕಿಂತ ದೊಡ್ಡದು. ನಾಸ್ತಿಕರ ಮೇಲಿನ ಅಪವಾದ ತಲೆತಲಾಂತರದಿಂದ ಉಳಿದುಬಂದಿರುವುದು ಹೀಗೆ ಸುಮ್ಮನಿರುವವರಿಂದಲೇ.

ಗಂಗಮ್ಮನ ಪಟದ ಮುಂದೆಯೇ ಕೂರುವ ನಿಮ್ಮ ಸಂಘಕ್ಕೂ ಎರಡು ಸಹಿ, ಪಾಸ್‌ಬುಕ್, ನಗದು ಪುಸ್ತಕಗಳು ಏಕೆ ಬೇಕಾದವು? ದೇವರ ಭಯವೊಂದನ್ನೇ ನಂಬಿ ಹಣ ಒಪ್ಪಿಸುವುದಕ್ಕೆ ಆಸ್ತಿಕರೂ ಸಿದ್ಧರಿಲ್ಲ ಎಂಬುದಕ್ಕಾಗಿಯೇ. ನ್ಯಾಯಾಲಯದ ರೀತಿಯೂ ಇದೇ: 1969ರ ಪ್ರಮಾಣಗಳ ಕಾಯ್ದೆಯ ಪ್ರಕಾರ ಸಾಕ್ಷಿಯು ದೇವರ ಹೆಸರನ್ನೆತ್ತದೆ ಸತ್ಯವನ್ನೇ ಹೇಳುವುದಾಗಿ ದೃಢೀಕರಿಸಬಹುದು, ಅದಕ್ಕೆ ದೇವರ ಹೆಸರಿನ ಪ್ರಮಾಣದಷ್ಟೇ ಬೆಲೆಯಿದೆ. ಸಚಿವರ ಪ್ರಮಾಣವಚನಕ್ಕೂ ನಮ್ಮ ಸಂವಿಧಾನ ಈ ಎರಡು ದಾರಿಗಳನ್ನು ತೆರೆದಿಟ್ಟಿದೆ.

ನಿಮ್ಮ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರನ್ನೂ ನೆನಪಿಸಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡತನದಲ್ಲಿ ಹುಟ್ಟಿದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೊಡ್ಡ ವಿರೋಧವನ್ನೇ ಕಟ್ಟಿಕೊಂಡರು. ಪವಾಡಪುರುಷರನ್ನು ಬಹಿರಂಗವಾಗಿ ಪ್ರಶ್ನಿಸಿದ ಆ ಮನುಷ್ಯ ಮದುವೆಯಿಲ್ಲದೆ, ಆಸ್ತಿಯಿಲ್ಲದೆ, ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ಬಾಳಿದರು. ಅವರ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಜಿಲ್ಲೆಯಲ್ಲಿ ನೀವು ತಲೆ ತಗ್ಗಿಸಬೇಕಾಗಿಲ್ಲ.

ಕೈ ಮುಗಿದುಬಿಡುವ ಯೋಚನೆಯನ್ನು ಬಿಟ್ಟುಬಿಡಿ. ಏಳು ವರ್ಷಗಳಲ್ಲಿ ಆ ಹೆಂಗಸರ ಮುಂದೆ ನೀವು ಮಾಡುವ ಮೊದಲ ಸುಳ್ಳು ಅದಾಗುತ್ತದೆ, ಅವರಿಗೂ ಅದು ಗೊತ್ತಾಗುತ್ತದೆ. ಸಭೆಯಲ್ಲಿ ದೇವರು ಇದ್ದಾನೆಯೇ ಇಲ್ಲವೇ ಎಂಬ ವಾದಕ್ಕೂ ಇಳಿಯಬೇಡಿ, ಏಕೆಂದರೆ ಅವರು ಅನುಮಾನಿಸಿರುವುದು ನಿಮ್ಮ ಪ್ರಾಮಾಣಿಕತೆಯನ್ನು. ಬಾಯಿಮಾತಿನ ಆಪಾದನೆಗೆ ಬರಹದಲ್ಲೇ ಉತ್ತರ ಕೊಡಬೇಕೆಂದು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಈಗಲೂ ಅದನ್ನೇ ಹೇಳುತ್ತೇನೆ.

ಮುಂದಿನ ಸಭೆಯಲ್ಲಿ ನಗದು ಪುಸ್ತಕವನ್ನೂ ಪಾಸ್‌ಬುಕ್ಕನ್ನೂ ಎರಡನೇ ಪ್ರತಿನಿಧಿಯ ಕೈಗೆ ಕೊಟ್ಟು, ಎಲ್ಲರೆದುರು ತಾಳೆ ನೋಡಿ ಗಟ್ಟಿಯಾಗಿ ಓದುವಂತೆ ಅವರನ್ನೇ ಕೇಳಿ. ಪ್ರತಿನಿಧಿಯನ್ನು ಬದಲಿಸುವ ಹಕ್ಕು ಸಂಘಕ್ಕೆ ಖಂಡಿತ ಇದೆ. ಆದರೆ ಬದಲಿಸುವುದಾದರೆ ಯಾವ ಕಾರಣಕ್ಕೆಂದು ನಡವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ. ಅಲ್ಲಿಯವರೆಗೆ ರಾಜೀನಾಮೆಯ ಮಾತೆತ್ತಬೇಡಿ.